ನೊಂದ ಪೋಷಕರು

ಫೆಬ್ರುವರಿ ೧೮, ಮಂಗಳವಾರ
ಮಧ್ಯಾಹ್ನ

ನನ್ನ ಮುದ್ದಿನ ಯಾಕಮ್ಮನಿಗೆ,

ಅಮ್ಮನ ಆಶೀರ್ವಾದ. ಮೂವತ್ತಮೂರು ತುಂಬಿದವಳನ್ನು ಇನ್ನೂ ಹೀಗೆ ಕರೆಯುತ್ತಾಳಲ್ಲ ಎಂದು ಮುಖ ಸಿಂಡರಿಸಬೇಡ. ಮಾತು ಬಂದ ದಿನದಿಂದ "ಯಾಕಮ್ಮ, ಯಾಕಮ್ಮ" ಎಂದು ನನ್ನ ಬೆನ್ನು ಹತ್ತಿದವಳು ನೀನು. ಅದನ್ನೇ ಹೆಸರು ಮಾಡಿದವರು ನಿಮ್ಮಪ್ಪ. ನನ್ನ ತಪ್ಪೇನೂ ಇಲ್ಲ.

ನಿನ್ನ ಪುಸ್ತಕ ನಿನ್ನೆ ಬಂತು. ಅಂಚೆಯವನು ಬಾಗಿಲು ತಟ್ಟಿದಾಗ ನಾನು ಹೊಲಿಗೆ ಮಿಶನ್ನಿನ ಮುಂದಿದ್ದೆ. ಬೆರಳಿಗೆಲ್ಲ ಗುರುತು ಹಾಕುವ ಚಾಕ್ ಅಂಟಿತ್ತು. ಕೈ ತೊಳೆದು, ಒರೆಸಿಕೊಂಡು, ಆಮೇಲೆ ಕಟ್ಟು ಬಿಚ್ಚಿದೆ. ಮೇಲೆ ನಿನ್ನ ಹೆಸರು ಅಚ್ಚಾಗಿತ್ತು. ಅದರ ಮೇಲೆ ಬೆರಳಾಡಿಸಿದೆ. ಪುಟ ತಿರುಗಿಸಿದೆ. 'ನನಗೆ ಕಣ್ಣು ಕೊಟ್ಟ ಅತ್ತೆಗೆ' ಎಂದಿತ್ತು.

ನಿಜ ಹೇಳುತ್ತೇನೆ. ಆ ನಾಲ್ಕು ಪದ ಓದಿ ನನಗೆ ಉರಿಯಿತು. ಕಣ್ಣು ಕೊಟ್ಟವಳು ನಾನು. ನನ್ನ ಅಮ್ಮನ ಕಣ್ಣು ಅವು, ಅದೇ ತಿಳಿ ಕಂದು. ನಿನ್ನ ವಿಜ್ಞಾನದ ಪ್ರಕಾರ ನೋಡಿದರೂ ಅವು ನನ್ನ ಕಡೆಯಿಂದಲೇ ಬಂದಿರಬೇಕು. ನಿಮ್ಮಪ್ಪ ನನ್ನ ಹೆಗಲ ಮೇಲಿಂದ ಬಗ್ಗಿ ಓದಿ, "ನನ್ನ ತಂಗಿಗೆ ಎಷ್ಟು ಖುಷಿ ಆಗುತ್ತೋ" ಅಂದರು. ಹೂಂ ಅಂದೆ. ಮತ್ತೆ ಮಿಶನ್ನಿಗೆ ಕೂತು ಐದು ನಿಮಿಷದಲ್ಲಿ ಎರಡು ಸೂಜಿ ಮುರಿದೆ.

ಆಮೇಲೆ ಮುನ್ನುಡಿ ಓದಿದೆ. ನಮ್ಮ ಬೀದಿಯ ಪ್ರಾರ್ಥನಾ ಮಂದಿರದ ಗುರುಗಳೇ ಹೆಸರಿಲ್ಲದ ದೂರೊಂದನ್ನು ಬರೆಸಿ, ಜೀವವಿಕಾಸದ ಪಾಠ ಹೇಳಿದ ತಪ್ಪಿಗೆ ನಿನ್ನ ಅತ್ತೆಯನ್ನು ಶಾಲೆಯಿಂದ ಹೊರಹಾಕಿಸಿದರು ಎಂದು ಬರೆದಿದ್ದೀಯ. ಪುಸ್ತಕದೊಳಗೆ ಇಟ್ಟ ಚೀಟಿಯಲ್ಲಿ, "ಅಮ್ಮ, ಆಗ ನೀನು ಮಂದಿರದಲ್ಲಿ ಮಕ್ಕಳಿಗೆ ಪಾಠ ಮಾಡ್ತಿದ್ದೆ. ಆ ದೂರಿನ ಬಗ್ಗೆ ಏನು ನೆನಪಿದೆಯೋ ಬರೆದು ಕಳಿಸು. ಬಿಡುಗಡೆಯ ದಿನ ಅತ್ತೆಯನ್ನ ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕು" ಎಂದು ಕೇಳಿದ್ದೀಯ.

ನೆನಪಿದೆ ಮಗಳೇ. ಬರೆಯುತ್ತೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ನುಂಗುತ್ತೇನೆ. ಕಾಗದದಲ್ಲಿ ಆ ತೊಂದರೆಯಿಲ್ಲ.

ನಿನ್ನ ಅತ್ತೆ ನಮ್ಮ ಮನೆಗೆ ಬಂದಾಗ ನಿನಗೆ ಏಳು ವರ್ಷ. ನಿನ್ನ ಶಾಲೆಯಲ್ಲೇ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತ್ತು. ಮೇಲಿನ ರೂಮನ್ನು ನಾನೇ ಗುಡಿಸಿ, ಒರೆಸಿ, ಕಿಟಕಿಗೆ ಹೊಸ ಪರದೆ ಹೊಲಿದು ಹಾಕಿದೆ. ಅವಳು ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಮೂರು ಪೆಟ್ಟಿಗೆ ಕಲ್ಲು. ಕಲ್ಲನ್ನು ಯಾರಾದರೂ ಪೆಟ್ಟಿಗೆಯಲ್ಲಿಟ್ಟು ಹೊತ್ತು ತರುತ್ತಾರೆಯೇ ಎಂದು ನಾನೂ ನಿಮ್ಮಪ್ಪನೂ ನಕ್ಕೆವು. ಆ ನಗು ನನಗೆ ಜಾಸ್ತಿ ದಿನ ಉಳಿಯಲಿಲ್ಲ. ಮೀನಿನ ಅಚ್ಚು ಬಿದ್ದಿದ್ದ ಒಂದು ಕಲ್ಲನ್ನು ನಿನ್ನ ಅಂಗೈಯಲ್ಲಿಟ್ಟು, "ಇದು ಈಜ್ತಿದ್ದಾಗ ಭೂಮಿ ಮೇಲೆ ಒಬ್ಬ ಮನುಷ್ಯನೂ ಇರಲಿಲ್ಲ" ಅಂದಳು. ನೀನು ಉಸಿರು ಬಿಗಿಹಿಡಿದು ನಿಂತೆ. ನನ್ನ ಪಾಠಕ್ಕೆ ನೀನು ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

ಅಂದಿನಿಂದ ನೀನು ಶಾಲೆ ಬಿಟ್ಟವಳು ಕೆಳಗೆ ಚೀಲ ಬಿಸಾಕಿ ಮೇಲೆ ಓಡುತ್ತಿದ್ದೆ. ಮಿಶನ್ ತುಳಿಯುತ್ತಿದ್ದ ನನಗೆ ನಿಮ್ಮಿಬ್ಬರ ನಗು ಕೇಳಿಸುತ್ತಿತ್ತು. ಎಷ್ಟೋ ಸಲ ಕಾಲು ನಿಲ್ಲಿಸಿ ಕಿವಿಗೊಟ್ಟಿದ್ದೇನೆ. ಮಾತು ಕೇಳುತ್ತಿರಲಿಲ್ಲ, ನಗು ಮಾತ್ರ. ಊಟಕ್ಕೆ ಕರೆದರೆ ನೀನು "ಬಂದೆ" ಅನ್ನುತ್ತಿದ್ದೆ, ಬರುತ್ತಿರಲಿಲ್ಲ. ಅವಳು ಒಂದು ಸಲ "ಹೋಗು ಮರಿ" ಅಂದರೆ ಇಳಿದು ಬರುತ್ತಿದ್ದೆ. ನಾನು ಬಡಿಸಿದ ಊಟಕ್ಕೆ ಅವಳ ಅಪ್ಪಣೆ ಬೇಕಾಯಿತು.

ನಿನ್ನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ಕೋಟಿನ ವಿಷಯ ಬರೆದಿದ್ದೀಯ. ಅಜ್ಜಿಯ ಕೋಟು ಅಪ್ಪನ ಜಾಕೆಟ್ ಆಗಿ, ಅಪ್ಪನ ಜಾಕೆಟ್ ಮೊಮ್ಮಗಳ ಫ್ರಾಕ್ ಆಯಿತು. ಫ್ರಾಕಿನ ಒಳಗೆ, ಯಾರಿಗೂ ಬೇಡದ ಕಡೆ, ಅಜ್ಜಿಯ ಜೇಬಿನ ಬಾಯಿ ಹೊಲಿಗೆ ಹಾಕಿಸಿಕೊಂಡು ಉಳಿದಿತ್ತು. ನಮ್ಮ ಮೈಯಲ್ಲೂ ಹಾಗೆ ಹಳೆಯ ಕಾಲದ ಗುರುತುಗಳು ಉಳಿದಿವೆ, ಎಂದು. ಬಹಳ ಚೆನ್ನಾಗಿ ಬರೆದಿದ್ದೀಯ. ಕೆಳಗೆ 'ಅತ್ತೆ ಕೊಟ್ಟ ಉದಾಹರಣೆ' ಎಂದು ಹಾಕಿದ್ದೀಯ. ಕೋಟು ಬಿಚ್ಚಿ ಫ್ರಾಕ್ ಮಾಡಿದವಳು 'ಒಬ್ಬ ದರ್ಜಿ' ಆಗಿದ್ದಾಳೆ.

ಆ ಸಂಜೆ ಏನಾಯಿತು ಎಂದು ನಿನಗೆ ಅರ್ಧ ಮಾತ್ರ ನೆನಪಿದೆ. ಅಡುಗೆಮನೆಯ ಮೇಜಿನ ಬಳಿ ವಾದ ಶುರು ಮಾಡಿದವಳು ನಾನು. "ಅಂಗೀಲಿ ಗುಂಡಿ ತೂರಿಸೋ ಒಂದು ಮನೆ ಇದೆ ಅಂದ್ರೆ ಅದನ್ನ ಕತ್ತರಿಸಿದ ಕೈ ಇದೆ ಅಂತ ಅರ್ಥ. ಒಂದು ಅಂಗಿನೇ ತಾನಾಗಿ ಹೊಲ್ಕೊಳ್ಳಲ್ಲ, ಒಂದು ಹಕ್ಕಿ ಹೇಗೆ ತಾನಾಗಿ ಆಗುತ್ತೆ?" ಎಂದು ಕೇಳಿದೆ. ಮಂದಿರದಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಮಾತು ಅದು. ನನ್ನ ಸ್ವಂತದ್ದು, ಧರ್ಮಗ್ರಂಥದ್ದಲ್ಲ. ಆಗ ನಿನ್ನ ಅತ್ತೆ ನೀನು ಹಾಕಿಕೊಂಡಿದ್ದ ಫ್ರಾಕಿನ ಅಂಚು ಮಗುಚಿ ಆ ಜೇಬಿನ ಬಾಯಿ ತೋರಿಸಿದಳು. "ಅತ್ತಿಗೆ, ಅಮ್ಮನ ಕೋಟು ಹೊಲಿದವರು ಈ ಫ್ರಾಕ್‌ನ ಕನಸಲ್ಲೂ ಕಂಡಿರಲಿಲ್ಲ. ಇದ್ದದ್ದರಲ್ಲೇ ಸ್ವಲ್ಪ ಸ್ವಲ್ಪ ಬದಲಾಗ್ತಾ ಇಲ್ಲಿಗೆ ಬಂತು. ಹಕ್ಕೀನೂ ಹಾಗೇ" ಅಂದಳು. ನೀನು ಚಪ್ಪಾಳೆ ತಟ್ಟಿದೆ.

ಅಷ್ಟು ನಿನಗೆ ನೆನಪಿದೆ. ಅದಾದ ಮೇಲೆ ನಾನೂ ಒಂದು ಮಾತು ಹೇಳಿದೆ. "ಸರಿ, ಆದ್ರೆ ಅಷ್ಟೂ ಸಲ ಕತ್ತರಿ ಹಿಡಿದವರು ಒಬ್ಬರು ಇದ್ರಲ್ಲಾ?" ಎಂದು. ಅವಳು ತಲೆ ತೂಗಿ, "ಇದು ಒಳ್ಳೆ ಪ್ರಶ್ನೆ ಅತ್ತಿಗೆ, ಯೋಚನೆ ಮಾಡಿ ಹೇಳ್ತೀನಿ" ಅಂದಳು. ಮಾರನೆಯ ದಿನ ಉತ್ತರ ತಂದಳು. ಚಳಿ, ಹಸಿವು, ಬೇಟೆಯಾಡುವ ಪ್ರಾಣಿ, ಇವೇ ಕತ್ತರಿ ಅಂದಳು. ನಾನು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ. ಆದರೆ ಹದಿನೈದು ನಿಮಿಷ ನಿನ್ನ ಅತ್ತೆಯ ಸರಿಸಮ ನಿಂತು ವಾದ ಮಾಡಿದೆ, ಗೊತ್ತೇ? ಆ ಹೊತ್ತಿಗೆ ನೀನು ಚಪ್ಪಾಳೆ ತಟ್ಟಿ ಮುಗಿಸಿ ಆಟಕ್ಕೆ ಹೋಗಿದ್ದೆ. ಪುಸ್ತಕದಲ್ಲೂ ನನ್ನ ಪ್ರಶ್ನೆ ಇಲ್ಲ.

ನಿನಗೆ ಹತ್ತು ತುಂಬಿದ ವರ್ಷ ಮಂದಿರದಲ್ಲಿ ಸೃಷ್ಟಿಯ ಪಾಠ ಮಾಡುತ್ತಿದ್ದೆ. ದೇವರು ಒಂದೊಂದು ಜೀವವನ್ನೂ ಬೇರೆ ಬೇರೆಯಾಗಿ, ಪ್ರೀತಿಯಿಂದ ಮಾಡಿದ ಎಂದು ಹೇಳುತ್ತಿದ್ದೆ. ಹನ್ನೆರಡು ಮಕ್ಕಳ ನಡುವೆ ನೀನು ಎದ್ದು ನಿಂತು, "ಅತ್ತೆ ಹಾಗೆ ಹೇಳಲ್ಲ" ಅಂದೆ. ಮಕ್ಕಳು ನಕ್ಕರು. ಗುರುಗಳೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ನಕ್ಕರು. ದೇವರನ್ನು ನೀನು ಅಲ್ಲಗಳೆದದ್ದು ನನಗೆ ಚುಚ್ಚಲಿಲ್ಲ. ಮಕ್ಕಳು ಕೇಳುತ್ತವೆ, ಅದಕ್ಕೇ ಪಾಠ ಇರುವುದು. ಚುಚ್ಚಿದ್ದು 'ಅತ್ತೆ' ಎಂಬ ಆ ಒಂದು ಪದ. ಕರಿಹಲಗೆಯ ಮುಂದೆ ನಿಂತವಳು ನಾನು, ನಿನ್ನ ಬಾಯಲ್ಲಿ ಇದ್ದವಳು ಅವಳು.

ಅದಾಗಿ ವಾರದಲ್ಲಿ ನಿನಗೆ ಜ್ವರ ಬಂತು. ಮೂರು ದಿನ ಮೈ ಕೆಂಡದ ಹಾಗಿತ್ತು. ನಾನು ಹೊಲಿಗೆ ಮುಟ್ಟಲಿಲ್ಲ, ನಿನ್ನ ಹಾಸಿಗೆಯ ಅಂಚು ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೀನು ಕಣ್ಣು ಬಿಟ್ಟೆ. ಒದ್ದೆ ಬಟ್ಟೆ ಹಿಡಿದಿದ್ದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, "ಅತ್ತೇನ ಕರಿ" ಅಂದೆ.

ಕರೆದೆ. ಮೆಟ್ಟಿಲ ಬುಡದಲ್ಲಿ ನಿಂತು ನಾನೇ ಕೂಗಿದೆ. ಅವಳು ಶಾಲೆಗೆ ಹೊರಟಿದ್ದವಳು ಚೀಲ ಕೆಳಗಿಟ್ಟು ಬಂದು ನಿನ್ನ ಪಕ್ಕ ಕೂತಳು. ನೀನು ಅವಳ ಬೆರಳು ಹಿಡಿದುಕೊಂಡು ನಿದ್ದೆ ಹೋದೆ. ನಾನು ಅಡುಗೆಮನೆಗೆ ಹೋಗಿ, ನಿನ್ನ ನೋಟ್‌ಬುಕ್ಕಿನಿಂದ ಎರಡು ಹಾಳೆ ಹರಿದು, ಬರೆಯಲು ಕೂತೆ.

ಹೌದು. ಆ ದೂರು ಬರೆದವಳು ನಾನು.

ಒಂದು ಕ್ಷಣ ಈ ಕಾಗದ ಕೆಳಗಿಟ್ಟು ನೀರು ಕುಡಿದು ಬಾ. ನಾನೂ ಈ ಸಾಲು ಬರೆದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಕೈಬರಹ ಗುರುತು ಸಿಗಬಾರದೆಂದು ಅಂಗಡಿಯ ಬೋರ್ಡಿನ ಅಕ್ಷರದ ಹಾಗೆ ಒಂದೊಂದನ್ನೇ ಬಿಡಿಸಿ ಬರೆದೆ. ವಿಜ್ಞಾನದ ಟೀಚರ್ ಮಕ್ಕಳ ನಂಬಿಕೆ ಕೆಡಿಸುತ್ತಿದ್ದಾರೆ, ದೇವರಿಲ್ಲ ಎನ್ನುತ್ತಾರೆ ಎಂದು ಬರೆದೆ. ಅವಳು ಒಂದು ದಿನವೂ ದೇವರಿಲ್ಲ ಅಂದವಳಲ್ಲ. ನಮ್ಮ ಮನೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಸದ್ದು ಮಾಡದೆ ಮೆಟ್ಟಿಲು ಹತ್ತುತ್ತಿದ್ದಳು. ಸುಳ್ಳು ಎಂದು ಗೊತ್ತಿದ್ದೇ ಬರೆದೆ. ನಡುವೆ ಧರ್ಮಗ್ರಂಥದ ಮೂರು ಸಾಲು ಸೇರಿಸಿದೆ. ಕೆಳಗೆ 'ನೊಂದ ಪೋಷಕರು' ಎಂದು ಬಹುವಚನದಲ್ಲಿ ಸಹಿ ಹಾಕಿದೆ. ನೊಂದವಳು ಒಬ್ಬಳೇ.

ಅಂಚೆಗೆ ಹಾಕುವ ಮೊದಲು ಗುರುಗಳ ಹತ್ತಿರ ಒಯ್ದೆ. ಅವರದ್ದೂ ಒಂದು ಸಹಿ ಇದ್ದರೆ ತೂಕ ಬರುತ್ತದೆ ಅನ್ನಿಸಿತ್ತು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ನೋಡಮ್ಮ, ಆ ಟೀಚರ್ ಹೇಳೋದನ್ನ ನಾನೂ ಒಪ್ಪಲ್ಲ. ಮನುಷ್ಯ ಪ್ರಾಣಿಯಿಂದ ಬಂದ ಅಂದ್ರೆ ನನಗೂ ಮೈ ಉರಿಯುತ್ತೆ. ಅವರ ಜೊತೆ ವಾದ ಮಾಡು ಅನ್ನಿ, ಶಾಲೆ ಹಾಲ್‌ನಲ್ಲಿ ಎಲ್ಲರ ಮುಂದೆ ಮಾಡ್ತೀನಿ. ಸೋತರೂ ಪರವಾಗಿಲ್ಲ. ಆದ್ರೆ ಹೆಸರಿಲ್ಲದ ಕಾಗದಕ್ಕೆ ನಾನಿಲ್ಲ" ಅಂದರು. ಕಾಗದ ಮಡಚಿ ನನ್ನ ಕೈಗೆ ಕೊಡುತ್ತಾ, "ನಿಮಗೆ ನಿಜವಾಗಿ ನೋವಾಗಿರೋದು ದೇವರ ವಿಷಯಕ್ಕೇನಾ?" ಎಂದು ಕೇಳಿದರು. ನಾನು ಎದ್ದು ಬಂದೆ. ದಾರಿಯಲ್ಲೇ ಅಂಚೆ ಡಬ್ಬಿ ಇತ್ತು.

ಶಾಲೆಯ ಆಡಳಿತದವರಿಗೆ ಗಲಾಟೆ ಬೇಡವಾಗಿತ್ತು. ಆ ಒಂದು ಪಾಠ ಬಿಟ್ಟು ಉಳಿದದ್ದನ್ನು ಮಾಡಿ, ಇಲ್ಲವೇ ಬೇರೆ ಕಡೆ ನೋಡಿಕೊಳ್ಳಿ ಅಂದರಂತೆ. ಊಟಕ್ಕೆ ಕೂತಾಗ ನಿನ್ನ ಅತ್ತೆ ತನ್ನ ಅಣ್ಣನಿಗೆ ಹೇಳುತ್ತಿದ್ದಳು, "ಅದು ಇಡೀ ಪುಸ್ತಕದ ಬೆನ್ನುಮೂಳೆ ಅಣ್ಣ. ಅದನ್ನ ಕಿತ್ತು ಹಾಕಿ ಉಳಿದದ್ದನ್ನ ಹೇಗೆ ನಿಲ್ಲಿಸಲಿ?" ಬಡಿಸುತ್ತಿದ್ದವಳು ನಾನು. ಒಂದು ಮಾತಾದರೂ ಆಡಬಹುದಿತ್ತು. "ಇನ್ನೊಂದು ಸ್ವಲ್ಪ ಹಾಕಲಾ?" ಎಂದು ಕೇಳಿದೆ.

ತಿಂಗಳೊಳಗೆ ಅವಳು ಹೊರಟಳು. ಅವಳ ಕಲ್ಲುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಟ್ಟಿಕೊಟ್ಟವಳು ನಾನು. ಹೋಗುವಾಗ ನನ್ನ ಎರಡೂ ಕೈ ಹಿಡಿದು, "ಮಗೂನ ಚೆನ್ನಾಗಿ ನೋಡ್ಕೊಳ್ಳಿ ಅತ್ತಿಗೆ" ಅಂದಳು. ಅಷ್ಟು ಪಾಪ ಮಾಡಿದ್ದವಳಿಗೂ ಆ ಮಾತಿಗೆ ಸಿಟ್ಟು ಬಂತು. ನನ್ನ ಮಗಳನ್ನು ನೋಡಿಕೊಳ್ಳಲು ಇವಳೇನು ನನಗೆ ಹೇಳುವುದು ಅಂದುಕೊಂಡೆ.

ಮಂದಿರದವರದ್ದೇ ಕೆಲಸ ಎಂದು ಶಾಲೆಯಲ್ಲಿ ಯಾರೋ ಆಡಿಕೊಂಡರು. ನೀನು ಅದನ್ನು ಕೇಳಿ ನೇರ ಮಂದಿರದ ಗೇಟಿಗೆ ಹೋದೆ. ನಾನು ಹಿಂದೆಯೇ ಓಡಿ ಬಂದೆ. "ನೀವೇ ಕೆಟ್ಟವರು, ನಮ್ಮ ಅತ್ತೇನ ಓಡಿಸಿದ್ರಿ" ಎಂದು ನೀನು ಗುರುಗಳ ಮುಖಕ್ಕೆ ಕೂಗಿದೆ. ಅವರು ನಿನ್ನ ತಲೆಯ ಮೇಲಿಂದ ನನ್ನನ್ನು ನೋಡಿದರು. ಅವರು ನನ್ನ ಕಡೆ ಬೆರಳು ತೋರಿಸಿದ್ದರೆ ಅಲ್ಲೇ ಎಲ್ಲ ಮುಗಿಯುತ್ತಿತ್ತು. ತೋರಿಸಲಿಲ್ಲ. "ನಿನಗೆ ಕೋಪ ಬರೋದು ನ್ಯಾಯ ಮಗು" ಎಂದಷ್ಟೇ ಹೇಳಿ ಒಳಗೆ ಹೋದರು. ಇಪ್ಪತ್ತಮೂರು ವರ್ಷವಾಯಿತು, ಆ ಮನುಷ್ಯ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ನಾನೂ ಬಿಟ್ಟಿಲ್ಲ. ಅವರು ನನ್ನನ್ನು ಕಾಯಲು ಸುಮ್ಮನಿದ್ದರು. ನಾನೂ ನನ್ನನ್ನು ಕಾಯಲೆಂದೇ ಸುಮ್ಮನಿದ್ದೆ.

ಅವಳು ಹೋದರೆ ನೀನು ಕೆಳಗೆ ಬರುತ್ತೀಯ ಅಂದುಕೊಂಡಿದ್ದೆ. ನೀನು ಮೇಲಿನ ರೂಮಿಗೆ ನಿನ್ನ ಹಾಸಿಗೆಯನ್ನೇ ಸಾಗಿಸಿದೆ. ಮಂದಿರಕ್ಕೆ ಮತ್ತೆ ಕಾಲಿಡಲಿಲ್ಲ. ನನ್ನ ಪಾಠದಲ್ಲಿ ಹನ್ನೊಂದು ಮಕ್ಕಳು ಉಳಿದರು. ನಿನ್ನ ಅತ್ತೆ ಎಲ್ಲೋ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಮೂಳೆಗಳ ಧೂಳು ಒರೆಸಿ, ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದಳು. ಮತ್ತೆ ಯಾವ ಮಗುವಿಗೂ ಪಾಠ ಹೇಳಲಿಲ್ಲ. ಅವಳ ಪಾಠ ಕೇಳಿ ಬೆಳೆದವಳು ನೀನೊಬ್ಬಳು. ಇನ್ನೆಷ್ಟು ಮಕ್ಕಳು ನಿನ್ನ ಹಾಗೆ ಉಸಿರು ಬಿಗಿಹಿಡಿದು ನಿಲ್ಲಬೇಕಿತ್ತೋ, ಅದನ್ನೆಲ್ಲ ನಾನು ತಡೆದೆ. ರಜೆಗೆ ನೀನು ಅವಳ ಊರಿಗೆ ಹೋಗುತ್ತೇನೆ ಅಂದಾಗಲೆಲ್ಲ ಹೊಸ ಬಟ್ಟೆ ಹೊಲಿದು ಕಳಿಸಿದೆ, ಅಲ್ಲಿ ಹಾಕಿಕೊಂಡಾಗಲಾದರೂ ನನ್ನ ನೆನಪಾಗಲಿ ಎಂದು. ನೀನು ಬರೆಯುತ್ತಿದ್ದ ಕಾಗದಗಳಲ್ಲಿ ಬಟ್ಟೆಯ ವಿಷಯ ಇರುತ್ತಿರಲಿಲ್ಲ.

ನೀನು ಓದಿ ಬೆಳೆದವಳು, ಆದ್ದರಿಂದ ಇದನ್ನೂ ಹೇಳಬೇಕು. ಈ ಕಾಗದ ಓದಿ, ನಂಬಿಕೆ ಇರುವವರೆಲ್ಲ ಹೀಗೇ ಎಂದು ಇನ್ನೊಂದು ಪುಸ್ತಕ ಬರೆಯಬೇಡ. ನಾನು ಇವತ್ತಿಗೂ ನಂಬುತ್ತೇನೆ. ಜೀವದ ಹಿಂದೆ ಒಂದು ಕೈ ಇದೆ ಎಂದೇ ಪ್ರತಿ ದಿನ ಬೆಳಿಗ್ಗೆ ಕಣ್ಣು ಮುಚ್ಚುತ್ತೇನೆ. ನೀನು ಇಲ್ಲ ಅನ್ನು, ಅದು ನಿನ್ನ ಇಷ್ಟ. ಆದರೆ ಆ ದೂರಿನ ಹಿಂದೆ ದೇವರ ಕೈ ಇರಲಿಲ್ಲ, ಗುರುಗಳ ಕೈಯೂ ಇರಲಿಲ್ಲ. ನನ್ನದೇ ಕೈ ಇತ್ತು. ನಾನು ನನ್ನ ಹೊಟ್ಟೆಕಿಚ್ಚಿಗೆ ದೇವರ ಬಟ್ಟೆ ತೊಡಿಸಿದೆ. ಅಳತೆ ಸರಿಯಾಗಿ ಕೂತಿತ್ತು, ಯಾರಿಗೂ ಅನುಮಾನ ಬರಲಿಲ್ಲ.

ಗುರುಗಳಿಗೆ ಈಗ ಎಂಬತ್ತೊಂದು. ಕಣ್ಣು ಹೆಚ್ಚು ಕಾಣುವುದಿಲ್ಲ, ಮೊಮ್ಮಗಳು ಓದಿ ಹೇಳುತ್ತಾಳೆ. ಮೊನ್ನೆ ಭಾನುವಾರ ಮಂದಿರದ ಬಾಗಿಲಲ್ಲಿ ನನ್ನ ದನಿ ಗುರುತು ಹಿಡಿದು, "ನಿಮ್ಮ ಮಗಳ ಪುಸ್ತಕ ಬರ್ತಾ ಇದೆಯಂತೆ. ನನಗೂ ಒಂದು ತರಿಸಿಕೊಡಿ, ಕೇಳೋಣ. ಜಗಳ ಮಾಡೋಕಾದರೂ ಬೇಕಲ್ಲ" ಎಂದು ನಕ್ಕರು. ತರಿಸಿಕೊಡುತ್ತೇನೆ ಅಂದೆ. ಆಗ ಮುನ್ನುಡಿಯಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಆ ಹುಡುಗಿ ತನ್ನ ತಾತನ ಮುಂದೆ ಕೂತು ಆ ಪುಟ ಓದುವುದನ್ನು ನೆನೆಸಿಕೊಂಡು ನಿನ್ನೆಯಿಂದ ನನಗೆ ಅನ್ನ ಇಳಿದಿಲ್ಲ.

ಅದಕ್ಕೇ ಬರೆದೆ. ಮಾರ್ಚ್ ಎರಡನೇ ತಾರೀಕು ನೀನು ವೇದಿಕೆಯ ಮೇಲೆ ಆ ದೂರಿನ ವಿಷಯ ಎತ್ತುವುದಾದರೆ, ಬರೆದವಳು ನನ್ನ ತಾಯಿ ಎಂದೇ ಹೇಳು. ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ಎದ್ದು ನಿಲ್ಲು ಅಂದರೆ ನಿಲ್ಲುತ್ತೇನೆ. ಬರಬೇಡ ಅಂದರೆ ಬರುವುದಿಲ್ಲ. ಮುನ್ನುಡಿಯ ಆ ಸಾಲುಗಳನ್ನು ಮಾತ್ರ ಸರಿ ಮಾಡಿಸು, ಹೇಗಾದರೂ ಸರಿ. ಅರ್ಪಣೆಯ ಪುಟ ಬದಲಿಸಬೇಡ. ಅದು ಸರಿಯಾಗಿಯೇ ಇದೆ. ಓದಿದಾಗಲೆಲ್ಲ ನನಗೆ ಉರಿಯುತ್ತದೆ, ಉರಿಯಲಿ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಕೇಳಬೇಕಾದವರಲ್ಲಿ ನೀನು ಮೂರನೆಯವಳು.

ನಿನ್ನನ್ನು ಹೆತ್ತವಳು,
ನಿನ್ನ ಅಮ್ಮ

ಮರೆತ ಮಾತು, ಶನಿವಾರ ಬೆಳಿಗ್ಗೆ: ಈ ಕಾಗದ ಮಂಗಳವಾರವೇ ಮುಗಿದಿತ್ತು, ನಿನಗೆ ಹಾಕಲಿಲ್ಲ. ಜೆರಾಕ್ಸ್ ಮಾಡಿಸಿ, ಒಂದು ಸಾಲೂ ಹೊಡೆದುಹಾಕದೆ, ಮೊದಲು ನಿನ್ನ ಅತ್ತೆಗೆ ಕಳಿಸಿದೆ. ನಿನಗೆ ಮೊದಲು ಕಳಿಸಿದರೆ "ಅತ್ತೆಗೆ ಹೇಳೋದು ಬೇಡ ಬಿಡಮ್ಮ, ನೊಂದ್ಕೋತಾರೆ" ಅನ್ನುತ್ತೀಯೇನೋ ಎಂಬ ಆಸೆ ನನ್ನಲ್ಲಿತ್ತು. ಆ ಆಸೆಯನ್ನು ನಂಬುವಂತಿರಲಿಲ್ಲ. ನಿನ್ನೆ ಸಂಜೆ ಅವಳು ಫೋನ್ ಮಾಡಿದಳು. "ಆಗಲೇ ಒಂದು ಮಾತು ಹೇಳಿದ್ರೆ ಮಗೂನ ಕೆಳಗೆ ಕಳಿಸ್ತಿದ್ದೆನಲ್ಲ ಅತ್ತಿಗೆ" ಅಂದಳು. ಅತ್ತಳು. ಕ್ಷಮಿಸಿದೆ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಇಪ್ಪತ್ತಮೂರು ವರ್ಷ ನಾನು ಆ ಗುರುಗಳು ಎದುರು ಸಿಕ್ಕರೂ ಮುಖ ತಿರುಗಿಸಿದ್ದೀನಿ. ಗುರುವಾರ ಬರ್ತೀನಿ, ಅವರ ಮನೆಗೆ ಹೋಗ್ಬೇಕು. ನೀವೂ ಬರ್ತೀರಾ?" ಎಂದು ಕೇಳಿದಳು. ಬರುತ್ತೇನೆ ಅಂದೆ. ಆ ಮನೆಯ ಬಾಗಿಲಿಗೆ ಮೊದಲು ಹೋಗಬೇಕಾದವಳು ನಾನು. ನಾಲ್ಕು ದಿನದಿಂದ ಬರೀ ಕಾಗದ ಬರೆಯುತ್ತ ಕೂತಿದ್ದೆ, ನನಗೆ ಹೊಳೆಯಲಿಲ್ಲ. ಅದೂ ಅವಳಿಗೇ ಮೊದಲು ಹೊಳೆಯಿತು. ಅದಕ್ಕೂ ಹೊಟ್ಟೆಕಿಚ್ಚಾಗುತ್ತಿದೆ ನೋಡು ನನಗೆ.